ಬಲೆಯ ಕಣ್ಣು ಎಲ್ಲಿ ಸಣ್ಣದಿರಬೇಕು?

(ಕರಾವಳಿಯ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಹಲಗೆಯ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ನಮಸ್ಕಾರ. ಬೆಳಿಗ್ಗೆ ಬಸ್ಸಿಳಿದವನು ದಕ್ಕೆಯ ಕಡೆ ಒಂದು ಸುತ್ತು ಹೋಗಿದ್ದೆ. ದೋಣಿಯ ನೆರಳಿನಲ್ಲಿ ಹಿರಿಯರೊಬ್ಬರು ಹರಿದ ಬಲೆ ಹೆಣೆಯುತ್ತ ಕೂತಿದ್ದರು. ಮಾತಿಗೆಳೆಯೋಣವೆಂದು, ‘ಇದರ ಕಣ್ಣು ಎಷ್ಟು ಅಗಲ ಇರಬೇಕು ಅಣ್ಣಾ?’ ಎಂದೆ. ಅವರು ತಲೆ ಎತ್ತದೆ, ‘ಯಾವ ಮೀನಿಗೆ ಅಂತ ಹೇಳಿ ಮಾರಾಯ್ರೆ, ಮತ್ತೆ ಕಣ್ಣಿನ ಮಾತು’ ಎಂದರು. ನಾನು ಇಪ್ಪತ್ತು ಪುಟ ಟಿಪ್ಪಣಿ ಮಾಡಿಕೊಂಡು ಬಂದಿದ್ದೆ. ಅದರ ಕೊನೆಯ ಐದು ಪುಟಗಳನ್ನು ಅವರು ಒಂದು ಸಾಲಿನಲ್ಲಿ ಮುಗಿಸಿಬಿಟ್ಟರು. ಆ ಐದು ಪುಟಗಳಿಗೆ ಆಮೇಲೆ ಬರುತ್ತೇನೆ.

ನಾನು ಮಾಡುವ ಕೆಲಸವೂ ಬಲೆ ಹೆಣೆಯುವುದೇ. ಬಿಸಿಯಾದ ಸಲಾಕೆಯಲ್ಲಿ ಶಾಖ ಹರಿಯುವುದು, ಸಮುದ್ರದ ಅಲೆ ಸಾಗುವುದು, ವಿಮಾನದ ರೆಕ್ಕೆಯ ಮೇಲೆ ಗಾಳಿ ಜಾರುವುದು, ಸೇತುವೆಯ ಕಾಂಕ್ರೀಟಿನೊಳಗೆ ಒತ್ತಡ ಹಂಚಿಹೋಗುವುದು, ಇವನ್ನೆಲ್ಲ ಗಣಿತದಲ್ಲಿ ಹೇಳುವ ಭಾಷೆಗೆ ಆಂಶಿಕ ಅವಕಲ ಸಮೀಕರಣ ಎಂದು ಹೆಸರು. ತರಗತಿಯಲ್ಲಿ ನಾವು ಪಿಡಿಇ ಎನ್ನುತ್ತೇವೆ, ಇಲ್ಲೂ ಹಾಗೆಯೇ ಅನ್ನೋಣ. ಇಲ್ಲೊಂದು ಕಡೆ, ಈ ಕ್ಷಣದಲ್ಲಿ ಆಗುವ ಬದಲಾವಣೆ ಪಕ್ಕದ ಜಾಗಗಳ ಸ್ಥಿತಿಯಿಂದ ನಿರ್ಧಾರವಾಗುತ್ತದೆ ಎಂಬುದಷ್ಟೇ ಅದರ ಸಾರ. ಪರೀಕ್ಷೆಗೆ ಬರುವ ಪಿಡಿಇಗಳನ್ನು ಕೈಯಲ್ಲಿ ಬಿಡಿಸಬಹುದು, ಹಾಗೆ ಬಿಡಿಸಲು ಬರುತ್ತದೆ ಎಂದೇ ಅವು ಪರೀಕ್ಷೆಗೆ ಬರುತ್ತವೆ. ಲೋಕದಲ್ಲಿರುವ ಪಿಡಿಇಗಳು ಹಾಗಲ್ಲ. ಅವುಗಳ ಮೇಲೆ ಬಲೆ ಹಾಸಬೇಕು. ಬಲೆಯ ಪ್ರತಿ ಗಂಟಿನಲ್ಲೂ ಒಂದು ಸಂಖ್ಯೆ ಇಟ್ಟುಕೊಂಡು, ಪಕ್ಕದ ಗಂಟುಗಳ ಸಂಖ್ಯೆಗಳನ್ನು ಕೂಡಿ ಕಳೆದು, ಮುಂದಿನ ಕ್ಷಣದ ಸಂಖ್ಯೆ ಪಡೆಯಬೇಕು. ಗಣಿತ ಅಲ್ಲಿಗೆ ಮುಗಿದು ಕೂಲಿ ಕೆಲಸ ಶುರುವಾಗುತ್ತದೆ.

ಕೂಲಿ ಎಂದದ್ದು ಅಲಂಕಾರಕ್ಕಲ್ಲ. ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್ 1911ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಕಲ್ಲಿನ ಅಣೆಕಟ್ಟೆಯೊಳಗಿನ ಒತ್ತಡವನ್ನು ಹೀಗೆ ಬಲೆ ಹಾಸಿ ಲೆಕ್ಕ ಹಾಕಿದರು. ಕಂಪ್ಯೂಟರ್ ಇಲ್ಲದ ಕಾಲ. ಲೆಕ್ಕ ಮಾಡಲು ಹುಡುಗರನ್ನು ಇಟ್ಟುಕೊಂಡು, ಬಿಂದುವಿಗೆ ಇಷ್ಟು ಪೆನ್ನಿ ಎಂದು ಗುತ್ತಿಗೆ ಕೂಲಿ ಕೊಟ್ಟರು. ತಪ್ಪಾದ ಲೆಕ್ಕಕ್ಕೆ ಕೂಲಿ ಇಲ್ಲ. ಇದನ್ನೆಲ್ಲ ಆ ಮನುಷ್ಯ ಪ್ರಬಂಧದಲ್ಲೇ ಬರೆದಿದ್ದಾರೆ. ಇವತ್ತಿನ ಸಂಶೋಧನಾ ಪ್ರಬಂಧಗಳಲ್ಲಿ ಕಂಪ್ಯೂಟರಿನ ಮಾದರಿ ಹೆಸರಿರುತ್ತದೆ, ಕೂಲಿಯ ಲೆಕ್ಕ ಇರುವುದಿಲ್ಲ. (ಅದೇ 1911ರಲ್ಲಿ ಕನ್ನಂಬಾಡಿಯಲ್ಲಿ ಕಲ್ಲಿನ ಅಣೆಕಟ್ಟೆಯ ಕೆಲಸ ಆರಂಭವಾಯಿತು. ಎರಡಕ್ಕೂ ಸಂಬಂಧವಿಲ್ಲ, ಆದರೂ ಆ ಇಸವಿ ನೋಡಿದಾಗಲೆಲ್ಲ ನನಗೆ ಎರಡೂ ಒಟ್ಟಿಗೇ ನೆನಪಾಗುತ್ತವೆ.)

ಬಿಂದುವಿಗೆ ಇಷ್ಟು ಎಂಬ ದರ ಇವತ್ತಿಗೂ ಜಾರಿಯಲ್ಲಿದೆ. ಪೆನ್ನಿಯ ಬದಲು ವಿದ್ಯುತ್ತು ಮತ್ತು ಸಮಯ ಕೊಡುತ್ತೇವೆ. ಬಲೆಯ ಕಣ್ಣನ್ನು ಅರ್ಧಕ್ಕೆ ಇಳಿಸಿದರೆ ಸಮತಲದಲ್ಲಿ ಗಂಟುಗಳು ನಾಲ್ಕು ಪಟ್ಟು, ಘನದಲ್ಲಿ ಎಂಟು ಪಟ್ಟು. ಸಾಲದ್ದಕ್ಕೆ 1928ರಲ್ಲಿ ಕೊರಾಂಟ್, ಫ್ರೆಡ್ರಿಕ್ಸ್, ಲೆವಿ ಎಂಬ ಮೂವರು ಜರ್ಮನಿಯಲ್ಲಿ ಕಂಡುಕೊಂಡ ಒಂದು ನಿಯಮವಿದೆ: ಒಂದು ಕಾಲಹೆಜ್ಜೆಯಲ್ಲಿ, ಅಂದರೆ ಲೆಕ್ಕ ಒಂದು ಕ್ಷಣದಿಂದ ಮುಂದಿನ ಕ್ಷಣಕ್ಕೆ ಜಿಗಿಯುವಷ್ಟರಲ್ಲಿ, ಅಲೆ ಒಂದು ಕಣ್ಣಿಗಿಂತ ಹೆಚ್ಚು ದೂರ ಓಡುವಂತಿಲ್ಲ, ಓಡಿದರೆ ಲೆಕ್ಕ ಸ್ಫೋಟಿಸುತ್ತದೆ. ಸ್ಫೋಟ ಎಂದರೆ ಸ್ಫೋಟವೇ, ಪರದೆಯ ಮೇಲೆ ಅಲೆಯ ಎತ್ತರ ಕೋಟಿಗಟ್ಟಲೆ ಮೀಟರ್ ಆಗಿ ನಿಲ್ಲುತ್ತದೆ. ಹಾಗಾಗಿ ಕಣ್ಣು ಅರ್ಧವಾದರೆ ಕಾಲದ ಹೆಜ್ಜೆಯೂ ಅರ್ಧ. ಘನದಲ್ಲಿ ಒಟ್ಟು ಕೂಲಿ ಹದಿನಾರು ಪಟ್ಟು.

ಕಡಲ ದಂಡೆಯ ಊರಿನಲ್ಲಿ ನಿಂತು ಮಾತಾಡುತ್ತಿದ್ದೇನೆ, ಆದ್ದರಿಂದ ಸುನಾಮಿಯ ಲೆಕ್ಕವನ್ನೇ ತೆಗೆದುಕೊಳ್ಳೋಣ. 2004ರ ಡಿಸೆಂಬರ್ 26 ಎಲ್ಲರಿಗೂ ನೆನಪಿದೆ. ಆ ಅಲೆ ನಡುಗಡಲಿನಲ್ಲಿ ಸಾಗುವಾಗ ಮೇಲಿನಿಂದ ಹಾದುಹೋದ ಜೇಸನ್-1 ಉಪಗ್ರಹ ಅದನ್ನು ಅಳೆಯಿತು. ಎತ್ತರ ಮುಕ್ಕಾಲು ಮೀಟರಿನ ಒಳಗೆ, ಉದ್ದ ನೂರಾರು ಕಿಲೋಮೀಟರ್. ದೋಣಿಯಲ್ಲಿದ್ದವನಿಗೆ ಅದು ಹಾದುಹೋದದ್ದೂ ಗೊತ್ತಾಗದು. ಅದೇ ದಡ ಮುಟ್ಟುವಾಗ ಏನಾಯಿತು ಎಂದು ನಾಗಪಟ್ಟಣದವರನ್ನು ಕೇಳಬೇಕು. ಒಂದೇ ಅಲೆಗೆ ಎರಡು ಅಳತೆಗಳು. ನಡುಗಡಲಲ್ಲಿ ಅದನ್ನು ಹಿಡಿಯಲು ಐದು ಕಿಲೋಮೀಟರ್ ಕಣ್ಣಿನ ಬಲೆ ಸಾಕು. ಬಂದರಿನ ಯಾವ ಗಲ್ಲಿಗೆ ನೀರು ನುಗ್ಗುತ್ತದೆ ಎಂದು ತಿಳಿಯಲು ಹತ್ತು ಮೀಟರಿನ ಕಣ್ಣು ಬೇಕು.

ನಮ್ಮ ಕಡೆಯ ಭಯ ಆ ಅಲೆ ಎದ್ದ ಸುಮಾತ್ರಾದ್ದಲ್ಲ, ಮಕ್ರಾನಿನದು. ಈಗಿನ ಪಾಕಿಸ್ತಾನ ಮತ್ತು ಇರಾನಿನ ಕಡಲಂಚಿನ ಮಕ್ರಾನಿನಲ್ಲಿ 1945ರ ನವೆಂಬರ್ 28ರಂದು ದೊಡ್ಡ ಭೂಕಂಪವಾಗಿ ಅರಬ್ಬಿ ಸಮುದ್ರದಲ್ಲಿ ಸುನಾಮಿ ಎದ್ದಿತ್ತು, ಮುಂಬೈಯವರೆಗೂ ಅದರ ಪೆಟ್ಟು ತಟ್ಟಿತ್ತು. ಅಂಥದ್ದೇ ಇನ್ನೊಂದು ಎದ್ದರೆ ಮಂಗಳೂರಿಗೆ ಏನಾದೀತು? 2000 ಕಿಲೋಮೀಟರ್ ಉದ್ದಗಲದ ಕಡಲಿನ ಮೇಲೆ ಎಲ್ಲ ಕಡೆ ಹತ್ತು ಮೀಟರ್ ಕಣ್ಣಿನ ಬಲೆ ಹಾಸಿದರೆ ಗಂಟುಗಳು 4000 ಕೋಟಿ. 4000 ಮೀಟರ್ ಆಳದ ಕಡಲಿನಲ್ಲಿ ಸುನಾಮಿಯ ವೇಗ ಸೆಕೆಂಡಿಗೆ ಸುಮಾರು 200 ಮೀಟರ್, ಅಂದರೆ ಗಂಟೆಗೆ 700 ಕಿಲೋಮೀಟರ್ ದಾಟಿತು. ಆ ವೇಗದ ಅಲೆ ಹತ್ತು ಮೀಟರ್ ದಾಟಲು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಸಾಕು, ಕೊರಾಂಟರ ನಿಯಮದ ಪ್ರಕಾರ ನಮ್ಮ ಹೆಜ್ಜೆಯೂ ಅಷ್ಟೇ ಇರಬೇಕು. ಆರು ಗಂಟೆಯ ಕಥೆಗೆ 4,32,000 ಹೆಜ್ಜೆ. ಸೆಕೆಂಡಿಗೆ 100 ಕೋಟಿ ಗಂಟುಗಳ ಲೆಕ್ಕ ಮುಗಿಸುವ ಯಂತ್ರಕ್ಕೂ ಇದು 200 ದಿನದ ಕೆಲಸ. ಅಷ್ಟರಲ್ಲಿ ಅಲೆ ಬಂದು, ಹೋಗಿ, ಪರಿಹಾರದ ಅರ್ಜಿಗಳೂ ತಿರಸ್ಕಾರವಾಗಿರುತ್ತವೆ.

ಈಗ ನಡುಗಡಲಿಗೆ ಐದು ಕಿಲೋಮೀಟರ್ ಬಲೆ ಹಾಸಿ. ಗಂಟುಗಳು 1,60,000. ಹೆಜ್ಜೆ 25 ಸೆಕೆಂಡಿನದು, ಒಟ್ಟು 864 ಹೆಜ್ಜೆ. ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಬಂದರಿನ ಸುತ್ತ ಹತ್ತು ಕಿಲೋಮೀಟರ್ ಚೌಕಕ್ಕೆ ಮಾತ್ರ ಹತ್ತು ಮೀಟರ್ ಬಲೆ, ಗಂಟುಗಳು ಹತ್ತು ಲಕ್ಷ. ಇಲ್ಲೊಂದು ಉಡುಗೊರೆ ಇದೆ: ಹತ್ತು ಮೀಟರ್ ಆಳದ ನೀರಿನಲ್ಲಿ ಅಲೆಯ ವೇಗ ಸೆಕೆಂಡಿಗೆ ಹತ್ತೇ ಮೀಟರ್. ಅಲೆ ಎದ್ದು ನಿಲ್ಲುವ ಜಾಗದಲ್ಲೇ ಅದು ನಿಧಾನವಾಗುತ್ತದೆ, ಹಾಗಾಗಿ ಸಣ್ಣ ಕಣ್ಣು ಬೇಕಾದ ಜಾಗದಲ್ಲಿ ಹೆಜ್ಜೆ ತೀರಾ ಚಿಕ್ಕದಾಗುವುದಿಲ್ಲ. ನಡುವೆ ಒಂದೆರಡು ಮಧ್ಯಮ ಕಣ್ಣಿನ ಬಲೆ ಸೇರಿಸಿಕೊಂಡರೂ 200 ದಿನದ ಕೆಲಸ ನಿಮಿಷಗಳಿಗೆ ಇಳಿಯುತ್ತದೆ.

ಬೇಕಾದಲ್ಲಿ ಮಾತ್ರ ಕಣ್ಣು ಸಣ್ಣ ಮಾಡಿ ಎಂದಷ್ಟೇ ಹೇಳಿ ನಾನು ಕೂರಬಹುದಿತ್ತು. ಆದರೆ ಎಲ್ಲಿ ಬೇಕು ಎಂದು ಯಾರು ಹೇಳಬೇಕು? ಬಂದರು ಎಲ್ಲಿದೆ ಎಂದು ನಮಗೆ ಗೊತ್ತು. ಕಾಂಕ್ರೀಟಿನೊಳಗೆ ಒತ್ತಡ ಎಲ್ಲಿ ಗಂಟು ಕಟ್ಟುತ್ತದೆ ಎಂದು ಗೊತ್ತಾ? ಗೊತ್ತು ಎಂದುಕೊಂಡವರ ಕಥೆ ಹೇಳುತ್ತೇನೆ.

ನಾರ್ವೆಯ ಸ್ಲೈಪ್ನರ್ ಎ. ಉತ್ತರ ಸಮುದ್ರದಲ್ಲಿ ಅನಿಲ ತೆಗೆಯಲು ಕಟ್ಟಿದ ವೇದಿಕೆ. ಅದರ ಬುಡ ಪೂರ್ತಿ ಕಾಂಕ್ರೀಟು: 24 ದುಂಡನೆಯ ಕೋಶಗಳನ್ನು ಒಂದಕ್ಕೊಂದು ಅಂಟಿಸಿ ನಿಲ್ಲಿಸಿದಂತೆ. ದುಂಡನೆಯ ಮೂರು ಪಾತ್ರೆಗಳನ್ನು ಒತ್ತಟ್ಟಿಗೆ ಇಟ್ಟರೆ ನಡುವೆ ಮೂರು ಮೂಲೆಯ ಒಂದು ಸಂದು ಉಳಿಯುತ್ತದಲ್ಲ, ಅಂಥ ಸಂದುಗಳು ಅಲ್ಲಿದ್ದವು. ಆ ಸಂದುಗಳ ಬಾಯಿ ಮೇಲೆ ತೆರೆದಿದ್ದರಿಂದ ಒಳಗೆ ಸಮುದ್ರದ ನೀರು, ಸಮುದ್ರದ್ದೇ ಒತ್ತಡ. ಗೋಡೆಯ ಆಚೆಯ ಕೋಶದಲ್ಲಿ ಅಷ್ಟು ಒತ್ತಡವಿಲ್ಲ. 1991ರ ಆಗಸ್ಟ್ 23ರಂದು ಸ್ತಾವಂಗರ್ ಬಳಿಯ ಆಳವಾದ ಫ್ಯೋರ್ಡಿನಲ್ಲಿ (ನೆಲದೊಳಕ್ಕೆ ಚಾಚಿದ ಕಡಲ ಕವಲು), ಮೇಲಂತಸ್ತನ್ನು ಕೂರಿಸುವ ಮೊದಲಿನ ಪರೀಕ್ಷೆಗಾಗಿ, ಬುಡವನ್ನು ನಿಧಾನಕ್ಕೆ ನೀರಿಗಿಳಿಸುತ್ತಿದ್ದರು. ಒಳಗಿನಿಂದ ದೊಡ್ಡ ಸದ್ದು ಬಂತು. ಗೋಡೆ ಸೀಳಿ ನೀರು ನುಗ್ಗಿತು. ಇಪ್ಪತ್ತು ನಿಮಿಷದೊಳಗೆ ಇಡೀ ಕಟ್ಟಡ ತಳ ಸೇರಿತು. ತಳಕ್ಕೆ ಬಡಿದದ್ದು ಭೂಕಂಪ ಮಾಪಕಗಳಲ್ಲಿ 3ರ ತೀವ್ರತೆಯಾಗಿ ದಾಖಲಾಯಿತು. ಜೀವಹಾನಿ ಆಗಲಿಲ್ಲ, ಅದೊಂದು ಪುಣ್ಯ.

ತನಿಖೆಯಲ್ಲಿ ಹೊರಬಂದದ್ದು ಇಷ್ಟು. ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವಾಗ ಆ ಮೂರು ಮೂಲೆಯ ಸಂದಿನ ಸುತ್ತ ಬಲೆ ಒರಟಾಗಿತ್ತು. ಹಾಗಾಗಿ ಗೋಡೆಯ ಕತ್ತರಿ ಬಲವನ್ನು, ಅಂದರೆ ಗೋಡೆಯನ್ನು ಅಡ್ಡ ಕತ್ತರಿಸಲು ನೋಡುವ ಬಲವನ್ನು, ನಿಜಕ್ಕಿಂತ ಶೇಕಡಾ 47ರಷ್ಟು ಕಡಿಮೆ ತೋರಿಸಿತ್ತು. ಆ ಲೆಕ್ಕ ನಂಬಿ ಗೋಡೆ ತೆಳ್ಳಗೆ ಕಟ್ಟಿದ್ದರು, ಕಬ್ಬಿಣದ ಸರಳುಗಳ ಹಿಡಿತವೂ ಸಾಲದಾಗಿತ್ತು. ಆಮೇಲೆ ಹೆಚ್ಚು ಎಚ್ಚರದಿಂದ ಲೆಕ್ಕ ಹಾಕಿ ನೋಡಿದರೆ 62 ಮೀಟರ್ ಆಳದಲ್ಲಿ ಗೋಡೆ ಒಡೆಯಬೇಕು ಎಂದು ಬಂತು. ಒಡೆದದ್ದು 65 ಮೀಟರಿನಲ್ಲಿ. ಅಂದರೆ ಸಮೀಕರಣಕ್ಕೆ ಎಲ್ಲ ಗೊತ್ತಿತ್ತು. ಕೇಳುವವರು ಸಂದಿಗೆ ಕಿವಿ ಇಡಲಿಲ್ಲ.

ನನ್ನ ವಿದ್ಯಾರ್ಥಿಗಳು ಇಲ್ಲೊಂದು ಪ್ರಶ್ನೆ ಕೇಳುತ್ತಾರೆ, ಒಳ್ಳೆಯ ಪ್ರಶ್ನೆ. ‘ಸರ್, ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ಎಂದು ತಿಳಿಯಬೇಕಾದರೆ ಸರಿಯುತ್ತರ ಗೊತ್ತಿರಬೇಕಲ್ಲ? ಸರಿಯುತ್ತರ ಗೊತ್ತಿದ್ದರೆ ಲೆಕ್ಕ ಯಾಕೆ ಮಾಡಬೇಕು?’ ನಾನು ಈ ವಿಷಯಕ್ಕೆ ಬಿದ್ದದ್ದೇ ಈ ಪ್ರಶ್ನೆಯಿಂದ. ಉತ್ತರ ಗೊತ್ತಿಲ್ಲದೆಯೇ ತಪ್ಪನ್ನು ಅಳೆಯಬಹುದು. ಮೊದಲ ಸಲ ಕೇಳಿದಾಗ ಇದೇನೋ ಕಣ್ಕಟ್ಟು ಎಂದುಕೊಂಡಿದ್ದೆ.

ಹಲಗೆಯ ಮೇಲೆ ನೋಡಿ. ಸೊನ್ನೆಯಿಂದ ಒಂದರವರೆಗಿನ ಸಂಖ್ಯೆಗಳ ವರ್ಗಗಳನ್ನು ಗುರುತಿಸಿ ಎಳೆದ ಬಾಗಿದ ಗೆರೆ. ಅದರ ಕೆಳಗಿನ ವಿಸ್ತೀರ್ಣ ಬೇಕು. ಎರಡು ತುದಿಗೂ ಒಂದು ನೇರ ಗೆರೆ ಎಳೆದು ಅದರ ಕೆಳಗಿನದನ್ನು ಅಳೆದರೆ 0.5. ನಡುವೆ ಒಂದು ಬಿಂದು ಸೇರಿಸಿ ಎರಡು ತುಂಡು ಗೆರೆ ಎಳೆದರೆ 0.375. ಸರಿಯುತ್ತರ ಯಾರೂ ಬಾಯಿಬಿಡಬೇಡಿ. ಈ ವಿಧಾನದ ಒಂದು ಗುಣ ಮಾತ್ರ ನಮಗೆ ಗೊತ್ತು: ತುಂಡು ಅರ್ಧವಾದರೆ ತಪ್ಪು ಕಾಲುಭಾಗಕ್ಕೆ ಇಳಿಯುತ್ತದೆ. ಹಾಗಾದರೆ ಎರಡನೆಯ ಉತ್ತರದ ತಪ್ಪು ಒಂದು ಪಾಲು ಎಂದರೆ ಮೊದಲನೆಯದರ ತಪ್ಪು ನಾಲ್ಕು ಪಾಲು. ಇಬ್ಬರ ನಡುವಿನ ಅಂತರ ಮೂರು ಪಾಲು. ಅಂತರ ನಮ್ಮ ಕೈಯಲ್ಲೇ ಇದೆ, 0.125. ಅದರ ಮೂರನೇ ಒಂದು ಭಾಗ 0.0417. ಇದು ಎರಡನೆಯ ಉತ್ತರದಲ್ಲಿರುವ ತಪ್ಪು. ಈಗ ಹೇಳಿ, ಸರಿಯುತ್ತರ ಎಷ್ಟು? ಮೂರನೇ ಒಂದು, 0.3333. 0.375ರಿಂದ ಕಳೆದು ನೋಡಿ.

ಇಬ್ಬರು ಸುಳ್ಳು ಸಾಕ್ಷಿಗಳನ್ನು ಎದುರುಬದುರು ಕೂರಿಸಿ ನಿಜ ಹೊರಡಿಸಿದ ಹಾಗೆ. ಈ ಉಪಾಯವನ್ನು ಬಲೆಯ ಲೆಕ್ಕಕ್ಕೆ ತಂದವರು ಅದೇ ಅಣೆಕಟ್ಟೆಯ ರಿಚರ್ಡ್‌ಸನ್. 1911ರ ಪ್ರಬಂಧದಲ್ಲೇ ಅದರ ಬೀಜವಿದೆ, 1927ರಲ್ಲಿ ಇನ್ನೂ ವಿಸ್ತಾರವಾಗಿ ಬರೆದರು. ಉಳಿದ ತಪ್ಪನ್ನು ಅಂದಾಜು ಮಾಡುವ ವಿದ್ಯೆ ನಮ್ಮ ಪಕ್ಕದ ಕೇರಳದಲ್ಲಿ ಅದಕ್ಕೂ ನೂರಾರು ವರ್ಷ ಮುಂಚೆ ಇತ್ತು. ಸಂಗಮಗ್ರಾಮದ ಮಾಧವನ ಪರಂಪರೆಯವರು ಪೈ ಬೆಲೆಗೆ ಒಂದು ಸರಣಿ ಕೊಟ್ಟರು: ಒಂದು, ಕಳೆ ಮೂರನೇ ಒಂದು, ಕೂಡು ಐದನೇ ಒಂದು, ಹೀಗೆ ಹೋಗಿ ಕೊನೆಗೆ ನಾಲ್ಕರಿಂದ ಗುಣಿಸು. ಸರಣಿ ಆಮೆಗಿಂತ ನಿಧಾನ. ಹತ್ತು ಪದ ಕೂಡಿದರೆ 3.0418, ಮೊದಲ ದಶಮಾಂಶವೇ ತಪ್ಪು. ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ, ನಿಲ್ಲಿಸಿದ ಜಾಗದಲ್ಲಿ ಎಷ್ಟು ಬಾಕಿ ಉಳಿದಿದೆ ಎಂಬುದಕ್ಕೂ ಸೂತ್ರ ಕೊಟ್ಟರು. ಅವರ ಮೊದಲ ತಿದ್ದುಪಡಿ ಸೇರಿಸಿದರೆ 3.1418, ಎರಡನೆಯದನ್ನು ಬಳಸಿದರೆ 3.14159. ಹತ್ತೇ ಪದಗಳಲ್ಲಿ! ಸರಣಿಯ ಬಗ್ಗೆ ಎಲ್ಲರೂ ಹೆಮ್ಮೆ ಪಡುತ್ತಾರೆ. ನನಗೆ ಆ ಬಾಕಿಯ ಸೂತ್ರವೇ ಹೆಚ್ಚು ದೊಡ್ಡದು ಅನಿಸುತ್ತದೆ.

ಎರಡು ಸಲ ಲೆಕ್ಕ ಮಾಡದೆ, ಒಂದೇ ಉತ್ತರದಿಂದ ತಪ್ಪು ಹಿಡಿಯುವ ಇನ್ನೊಂದು ದಾರಿ ಇದೆ. ತಗಡಿನ ಹಾಳೆಯಲ್ಲಿ ಶಾಖ ಹರಿಯುತ್ತಿದೆ ಎಂದುಕೊಳ್ಳಿ. ಹಾಳೆಯನ್ನು ತ್ರಿಕೋನಗಳಾಗಿ ಕತ್ತರಿಸಿ, ಪ್ರತಿ ತ್ರಿಕೋನದ ಮೇಲೂ ಉಷ್ಣತೆ ಒಂದು ಸಮ ಇಳಿಜಾರು ಎಂದು ಭಾವಿಸಿ ಉತ್ತರ ತೆಗೆದಿದ್ದೇವೆ. ಇಳಿಜಾರು ಎಷ್ಟು ಕಡಿದೋ ಶಾಖದ ಹರಿವು ಅಷ್ಟು. ಈಗ ಅಕ್ಕಪಕ್ಕದ ಎರಡು ತ್ರಿಕೋನಗಳ ನಡುವಿನ ಗಡಿಗೆ ಬನ್ನಿ. ಈ ಕಡೆಯ ಲೆಕ್ಕದ ಪ್ರಕಾರ ಗಡಿ ದಾಟಿ ಹೊರಟದ್ದು ಹತ್ತು, ಆ ಕಡೆಯ ಲೆಕ್ಕದ ಪ್ರಕಾರ ಒಳಗೆ ಬಂದದ್ದು ಏಳು. ಮೂರು ಎಲ್ಲಿ ಹೋಯಿತು? ಪ್ರಕೃತಿಯಲ್ಲಿ ಶಾಖ ಗಡಿಯಲ್ಲಿ ಕಳವಾಗುವುದಿಲ್ಲ. ಆ ಮೂರು ನಮ್ಮ ಅಜ್ಞಾನದ ಅಳತೆ. ಪ್ರತಿ ಗಡಿಯಲ್ಲೂ ಹೀಗೆ ತಾಳೆ ನೋಡುತ್ತ ಹೋದರೆ ಬಲೆಯ ನಕ್ಷೆಯ ಮೇಲೆ ನಮ್ಮ ಅಜ್ಞಾನದ ನಕ್ಷೆ ಮೂಡುತ್ತದೆ. ತಾಳೆಯಾಗದೆ ಉಳಿದದ್ದಕ್ಕೆ ಶೇಷ ಎನ್ನುತ್ತೇವೆ.

ಶೇಷ ದೊಡ್ಡದಿದ್ದಲ್ಲಿ ತಪ್ಪೂ ದೊಡ್ಡದು ಎಂದು ಎಂಜಿನಿಯರುಗಳಿಗೆ ಅಂದಾಜಿತ್ತು. ಶೇಷದಿಂದ ನಿಜವಾದ ತಪ್ಪನ್ನು ಮೇಲಿನಿಂದಲೂ ಕೆಳಗಿನಿಂದಲೂ ಕಟ್ಟಿಹಾಕಬಹುದು ಎಂಬ ಗಣಿತದ ದಾರಿಯನ್ನು ಇವೊ ಬಾಬುಷ್ಕಾ ಮತ್ತು ವರ್ನರ್ ರೈನ್‌ಬೋಲ್ಟ್ 1978ರಲ್ಲಿ ತೆರೆದರು. ಬಾಬುಷ್ಕಾ ಪ್ರಾಗ್‌ನವರು, ಆಮೇಲೆ ಅಮೆರಿಕಕ್ಕೆ ಹೋದವರು. 1950ರ ದಶಕದಲ್ಲಿ ವ್ಲತಾವಾ ನದಿಗೆ ಕಟ್ಟಿದ ಓರ್ಲಿಕ್ ಅಣೆಕಟ್ಟೆಯ ಕಾಂಕ್ರೀಟಿನ ಲೆಕ್ಕಗಳಲ್ಲಿ ತೊಡಗಿದ್ದವರು. ಮತ್ತೆ ಅಣೆಕಟ್ಟೆ! ಈ ಶಾಸ್ತ್ರದ ಚರಿತ್ರೆಯಲ್ಲಿ ಎಲ್ಲಿ ಅಗೆದರೂ ಒಂದು ಅಣೆಕಟ್ಟೆ ಸಿಗುತ್ತದೆ, ನೀರಿನ ಭಾರ ಹೊತ್ತವರಿಗೆ ತಪ್ಪಿನ ಭಯ ಹೆಚ್ಚಿರಬೇಕು.

ಅಲ್ಲಿಂದ ಮುಂದೆ ವಿಧಾನ ಸರಳ. ಬಿಡಿಸು, ಅಂದಾಜಿಸು, ಗುರುತು ಹಾಕು, ಒಡೆ. ಒಡೆದ ಬಲೆಯ ಮೇಲೆ ಮತ್ತೆ ಬಿಡಿಸು. ಎಷ್ಟು ಲಾಭ? ಮನೆ ಗೋಡೆಯಲ್ಲಿ ಬಿರುಕು ಹೆಚ್ಚಾಗಿ ಕಿಟಕಿಯ ಮೂಲೆಯಿಂದಲೇ ಓರೆಯಾಗಿ ಹೊರಡುವುದನ್ನು ನೋಡಿದ್ದೀರಿ. ಒಳಕ್ಕೆ ಚಾಚಿದ ಮೂಲೆ ಎಂದರೆ ಗಣಿತಕ್ಕೂ ತಲೆನೋವು, ಅಲ್ಲಿ ಇಳಿಜಾರು ಅನಂತಕ್ಕೆ ಓಡುತ್ತದೆ. ಇಂಗ್ಲಿಷಿನ ಎಲ್ ಅಕ್ಷರದ ಆಕಾರದ ಹಾಳೆ ನಮ್ಮವರ ಪರೀಕ್ಷಾ ಪಶು. ಅದರ ಮೇಲೆ ಒಂದೇ ಸಮ ಬಲೆ ಹಾಸಿ ಹರಿವಿನ ತಪ್ಪನ್ನು ಹತ್ತನೇ ಒಂದಕ್ಕೆ ಇಳಿಸಲು ಗಂಟುಗಳು 1000 ಪಟ್ಟು ಬೇಕು. ಶೇಷ ನೋಡಿ ಮೂಲೆಯ ಕಡೆ ಒಡೆಯುತ್ತ ಹೋದರೆ 100 ಪಟ್ಟು ಸಾಕು. ನೂರನೇ ಒಂದಕ್ಕೆ ಇಳಿಸಬೇಕಾದರೆ? ಹತ್ತು ಲಕ್ಷ ಪಟ್ಟಿಗೆ ಎದುರಾಗಿ ಹತ್ತು ಸಾವಿರ. ಯಂತ್ರಕ್ಕೆ ಮೂಲೆ ಎಲ್ಲಿದೆ ಎಂದು ಯಾರೂ ಹೇಳಿಕೊಟ್ಟಿಲ್ಲ, ಅದೇ ಹುಡುಕಿಕೊಂಡು ಹೋಗಿ ಅಲ್ಲಿ ಮುತ್ತಿಕೊಳ್ಳುತ್ತದೆ. ಬೆಲ್ಲದ ಚೂರಿಗೆ ಇರುವೆ ಮುತ್ತುವುದನ್ನು ನೋಡಿದಷ್ಟೇ ಖುಷಿ.

ಮೂಲೆ ಇದ್ದಲ್ಲೇ ಇರುತ್ತದೆ. ಅಲೆ ಓಡುತ್ತದೆ. ಅಲೆಯ ಹಿಂದೆ ಬಲೆಯೂ ಓಡಬೇಕು. ಇದನ್ನು ಮಾಡಿ ತೋರಿಸಿದವರು ಮಾರ್ಷಾ ಬರ್ಗರ್. ಸ್ಟ್ಯಾನ್‌ಫರ್ಡಿನಲ್ಲಿ ಪಿಎಚ್‌.ಡಿ. ಮಾಡುವಾಗ ತಮ್ಮ ಮಾರ್ಗದರ್ಶಕ ಜೋಸೆಫ್ ಓಲಿಗರ್ ಜೊತೆ ಶುರು ಮಾಡಿದ ಕೆಲಸ 1984ರಲ್ಲಿ ಪ್ರಬಂಧವಾಯಿತು. 1989ರಲ್ಲಿ ಫಿಲಿಪ್ ಕೊಲೆಲ್ಲಾ ಜೊತೆ ಆಘಾತ ತರಂಗಗಳಿಗೆ ಅದನ್ನು ಹೊಂದಿಸಿದರು. ದೊಡ್ಡ ಕಣ್ಣಿನ ಬಲೆ ಕೆಳಗೆ ಯಾವಾಗಲೂ ಹಾಸಿಯೇ ಇರುತ್ತದೆ. ತಪ್ಪು ಹೆಚ್ಚಿರುವ ಗಂಟುಗಳಿಗೆ ಗುರುತು ಹಾಕಿ, ಆ ಗುರುತುಗಳನ್ನೆಲ್ಲ ಮುಚ್ಚುವಂತೆ ಸಣ್ಣ ಕಣ್ಣಿನ ಆಯತದ ತೇಪೆಗಳನ್ನು ಮೇಲೆ ಹಾಕುತ್ತಾರೆ. ತೇಪೆಯ ಮೇಲೆ ಇನ್ನೂ ಸಣ್ಣ ತೇಪೆ. ಪ್ರತಿ ತೇಪೆಗೂ ತನ್ನದೇ ಕಾಲದ ಹೆಜ್ಜೆ: ದೊಡ್ಡ ಬಲೆ ಒಂದು ಹೆಜ್ಜೆ ಇಡುವಷ್ಟರಲ್ಲಿ ಸಣ್ಣದು ನಾಲ್ಕು ಇಡುತ್ತದೆ, ಅಪ್ಪನ ಜೊತೆ ಜಾತ್ರೆಗೆ ಹೊರಟ ಮಗುವಿನ ಹಾಗೆ. ಅಲೆ ತೇಪೆಯ ಅಂಚು ದಾಟಿ ಹೋಗಬಾರದೆಂದು ಸುತ್ತ ಒಂದಿಷ್ಟು ಅಂಚು ಬಿಟ್ಟಿರುತ್ತಾರೆ, ಕೆಲವು ಹೆಜ್ಜೆಗೊಮ್ಮೆ ತೇಪೆಗಳನ್ನು ಕಿತ್ತು ಹೊಸದಾಗಿ ಹಾಕುತ್ತಾರೆ.

ಇದರಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಜಮಾಖರ್ಚಿನದು. ತೇಪೆಯ ಅಂಚಿನಲ್ಲಿ ದೊಡ್ಡ ಬಲೆ ಹೇಳುತ್ತದೆ, ಇಷ್ಟು ನೀರು ದಾಟಿತು. ಸಣ್ಣ ಬಲೆ ನಾಲ್ಕು ಹೆಜ್ಜೆಗಳಲ್ಲಿ ದಾಟಿಸಿದ್ದನ್ನು ಕೂಡಿಸಿ ಇನ್ನೊಂದು ಸಂಖ್ಯೆ ಹೇಳುತ್ತದೆ. ಹಾಗೆಯೇ ಬಿಟ್ಟರೆ ಹೆಜ್ಜೆ ಹೆಜ್ಜೆಗೂ ಒಂದಿಷ್ಟು ನೀರು ಶೂನ್ಯದಿಂದ ಹುಟ್ಟುತ್ತದೆ, ಇಲ್ಲವೇ ಶೂನ್ಯದಲ್ಲಿ ಇಂಗುತ್ತದೆ. ಆದ್ದರಿಂದ ಸಣ್ಣದರ ಮಾತನ್ನೇ ನಂಬಿ, ದೊಡ್ಡ ಬಲೆಯ ಖಾತೆಯಲ್ಲಿ ವ್ಯತ್ಯಾಸವನ್ನು ತಿದ್ದುತ್ತಾರೆ. ಈ ತಿದ್ದುಪಡಿಯ ಬಗ್ಗೆ ಉಪನ್ಯಾಸಗಳಲ್ಲಿ ಯಾರೂ ಹೆಚ್ಚು ಮಾತಾಡುವುದಿಲ್ಲ, ಪ್ರೋಗ್ರಾಂ ಬರೆದವರು ಮಾತ್ರ ಅದರ ಮೇಲೆ ವಾರಗಟ್ಟಲೆ ಅತ್ತಿರುತ್ತಾರೆ.

ನಾನೂ ಅತ್ತಿದ್ದೇನೆ. ಪಿಎಚ್‌.ಡಿ. ಕಾಲದಲ್ಲಿ ಒಂದು ರಾತ್ರಿ ಪ್ರೋಗ್ರಾಂ ಓಡಲು ಬಿಟ್ಟು ಮಲಗಿದೆ. ಬೆಳಿಗ್ಗೆ ಬಂದು ನೋಡಿದರೆ ಯಂತ್ರದ ನೆನಪು ಪೂರ್ತಿ ತುಂಬಿ ಎಲ್ಲ ನಿಂತಿದೆ, ಜೊತೆಗೆ ಇನ್ನೂ ಮೂವರ ಕೆಲಸವೂ ನಿಂತಿದೆ. ಅವರ ಮುಖ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಲೆಯ ಚಿತ್ರ ತೆಗೆದರೆ, ಏನೂ ನಡೆಯದ ಎಡಗಡೆಯ ಅಂಚಿನಲ್ಲಿ ತೇಪೆಯ ಮೇಲೆ ತೇಪೆ ಬಿದ್ದು ಕಪ್ಪಗಾಗಿದೆ. ಅಂದಾಜಿನ ಸೂತ್ರ ಕೆಟ್ಟಿದೆ ಎಂದು ಎರಡು ವಾರ ಅದನ್ನೇ ತಡಕಾಡಿದೆ. ಸೂತ್ರ ಸರಿಯಾಗಿಯೇ ಇತ್ತು. ಆ ಅಂಚಿನ ಷರತ್ತಿನಲ್ಲಿ ಅಧಿಕ ಚಿಹ್ನೆ ಹಾಕಬೇಕಾದಲ್ಲಿ ಋಣ ಚಿಹ್ನೆ ಹಾಕಿದ್ದೆ. ‘ಇಲ್ಲಿ ಏನೋ ತಾಳೆಯಾಗುತ್ತಿಲ್ಲ’ ಎಂದು ಬಲೆ ರಾತ್ರಿಯಿಡೀ ಬೊಟ್ಟು ಮಾಡಿ ತೋರಿಸಿತ್ತು. ಅಂದಿನಿಂದ ವಿದ್ಯಾರ್ಥಿಗಳಿಗೆ ಹೇಳುತ್ತೇನೆ, ಉತ್ತರ ನೋಡುವ ಮೊದಲು ಬಲೆಯ ಚಿತ್ರ ನೋಡಿ.

ದೊಡ್ಡ ಶೋಧಗಳೂ ಹೀಗೆ ಬಲೆ ತೋರಿಸಿದ ದಾರಿಯಲ್ಲಿ ಸಿಕ್ಕಿವೆ. ಮ್ಯಾಥ್ಯೂ ಚಾಪ್ಟುಯಿಕ್ 1993ರಲ್ಲಿ, ಕಪ್ಪುಕುಳಿ ಹುಟ್ಟುವುದಕ್ಕೂ ಹುಟ್ಟದೆ ಚದುರಿಹೋಗುವುದಕ್ಕೂ ನಡುವಿನ ಹೊಸ್ತಿಲಲ್ಲಿ ಏನಾಗುತ್ತದೆ ಎಂದು ಬರ್ಗರ್-ಓಲಿಗರ್ ವಿಧಾನದಲ್ಲಿ ನೋಡಿದರು. ಒಂದೇ ವಿನ್ಯಾಸ ಪ್ರತಿ ಸಲ ಸುಮಾರು 30 ಪಟ್ಟು ಕಿರಿದಾಗುತ್ತ ಮತ್ತೆ ಮತ್ತೆ ಮರುಕಳಿಸುವುದು ಕಂಡಿತು. ಒಂದೇ ಸಮದ ಬಲೆಯಾಗಿದ್ದರೆ ಎರಡನೆಯ ಸುತ್ತಿಗೇ ಕಣ್ಣಿನಿಂದ ಜಾರಿಹೋಗುತ್ತಿತ್ತು. 2002ರಲ್ಲಿ ಏಬೆಲ್, ಬ್ರಯಾನ್, ನಾರ್ಮನ್ ಮೂವರು ವಿಶ್ವದ ಮೊದಲ ನಕ್ಷತ್ರ ಮೂಡುವ ಬಗೆಯನ್ನು ಇದೇ ತೇಪೆಯ ತಂತ್ರದಲ್ಲಿ ಲೆಕ್ಕ ಹಾಕಿದರು. ಅದನ್ನು ಹೇಳಹೊರಟರೆ ನಿಮ್ಮ ಊಟ ತಪ್ಪುತ್ತದೆ.

ಈಗ ದಕ್ಕೆಯ ಅಣ್ಣನ ಮಾತಿಗೆ ಬರುತ್ತೇನೆ. ಯಾವ ಮೀನಿಗೆ?

ಇಲ್ಲಿಯವರೆಗೆ ತಪ್ಪು ದೊಡ್ಡದಿದ್ದಲ್ಲಿ ಕಣ್ಣು ಸಣ್ಣ ಮಾಡಿ ಎಂದೆ. ಆದರೆ ಮಕ್ರಾನಿನಲ್ಲಿ ಎದ್ದ ಅಲೆ ನಾಲ್ಕೂ ದಿಕ್ಕಿಗೆ ಹೋಗುತ್ತದೆ. ಒಮಾನಿಗೆ ಹೋಗುತ್ತದೆ, ಆಫ್ರಿಕಾಕ್ಕೆ ಹೋಗುತ್ತದೆ. ನನಗೆ ಬೇಕಾದದ್ದು ಮಂಗಳೂರಿನ ಉತ್ತರ ಮಾತ್ರ ಎಂದರೆ, ಸೊಮಾಲಿಯಾದ ಕಡೆ ಓಡುವ ಅಲೆಯನ್ನು ಸಣ್ಣ ಕಣ್ಣಿನ ಬಲೆಯಲ್ಲಿ ಬೆನ್ನಟ್ಟುವುದು ದಂಡ. ಹಾಗೆಂದು ಅದನ್ನು ಪೂರ್ತಿ ಬಿಡುವಂತೆಯೂ ಇಲ್ಲ, ಅದರ ಒಂದು ತುಣುಕು ಯಾವುದೋ ದಡಕ್ಕೆ ಬಡಿದು ತಿರುಗಿ ನಮ್ಮ ಕಡೆ ಬರಬಹುದು. ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಎಂದು ಮೊದಲೇ ತಿಳಿಯುವುದು ಹೇಗೆ?

ಲೆಕ್ಕವನ್ನು ಹಿಂದಕ್ಕೆ ಓಡಿಸಿ. ಮಂಗಳೂರಿನಲ್ಲಿ ಒಂದು ಕಾಲ್ಪನಿಕ ಅಲೆ ಎಬ್ಬಿಸಿ, ಕಾಲದಲ್ಲಿ ಹಿಂದೆ ಹಿಂದೆ ಸಾಗಿಸಿ. ಮೂರು ಗಂಟೆ ಹಿಂದೆ ಆ ಅಲೆ ಕಡಲಿನ ಯಾವ ಯಾವ ಜಾಗದಲ್ಲಿತ್ತೋ, ಆ ಕ್ಷಣದಲ್ಲಿ ಆ ಜಾಗಗಳಲ್ಲಾಗುವ ತಪ್ಪು ಮಾತ್ರ ಮಂಗಳೂರಿನ ಉತ್ತರವನ್ನು ಕೆಡಿಸಬಲ್ಲದು. ಈ ಹಿಮ್ಮುಖ ಅಲೆಯಿಂದ ಮುಂದಕ್ಕೆ ಬರುವ ಶೇಷವನ್ನು ಗುಣಿಸಿ, ಗುಣಲಬ್ಧ ದೊಡ್ಡದಿದ್ದಲ್ಲಿ ಕಣ್ಣು ಸಣ್ಣ ಮಾಡಿ. ಜರ್ಮನಿಯ ರೋಲ್ಫ್ ರನ್ನಾಕರ್ ಮತ್ತು ರೋಲಂಡ್ ಬೆಕರ್ ಈ ತೂಕದ ವಿಧಾನವನ್ನು ಶಾಸ್ತ್ರಬದ್ಧವಾಗಿ ಕಟ್ಟಿದರು. ವಾಷಿಂಗ್ಟನ್ ವಿಶ್ವವಿದ್ಯಾಲಯದ ರಾಂಡಲ್ ಲವೆಕ್, ಡೇವಿಡ್ ಜಾರ್ಜ್, ಅದೇ ಮಾರ್ಷಾ ಬರ್ಗರ್ ಮತ್ತಿತರರು ಬೆಳೆಸಿದ ಜಿಯೋಕ್ಲಾ ಎಂಬ ಸುನಾಮಿ ಪ್ರೋಗ್ರಾಂನಲ್ಲಿ ಹಿಮ್ಮುಖ ಅಲೆಯ ಉಪಾಯವೂ ಇದೆ, ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಂಡು ಓಡಿಸಬಹುದು. ನಿಮ್ಮ ಕಾಲೇಜಿನ ಲ್ಯಾಬಿನ ಕಂಪ್ಯೂಟರ್ ಸಾಕು.

ಒಂದು ಪ್ರಾಮಾಣಿಕ ಮಾತು ಹೇಳಬೇಕು. ನಮ್ಮ ಸುನಾಮಿ ಎಚ್ಚರಿಕೆ ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್ಕಾಯ್ಸ್‌ನಿಂದ ಬರುತ್ತದೆ, 2007ರಿಂದ ಅಲ್ಲಿ ಸುನಾಮಿ ಎಚ್ಚರಿಕೆ ಕೇಂದ್ರ ನಡೆಯುತ್ತಿದೆ. ಭೂಕಂಪವಾದ ತಕ್ಷಣ ಅವರು ನೆಚ್ಚಿಕೊಳ್ಳುವುದು ಮೊದಲೇ ಲೆಕ್ಕ ಹಾಕಿ ಜೋಡಿಸಿಟ್ಟ ಸಾವಿರಾರು ಸನ್ನಿವೇಶಗಳ ಕಣಜವನ್ನು. ನಿಮಿಷಗಳು ಜೀವ ಉಳಿಸುವಾಗ ಅದೇ ಸರಿ. ಊರಿನ ಯಾವ ಬೀದಿಯವರೆಗೆ ನೀರು ಬರಬಹುದು, ಶಾಲೆಯನ್ನು ಎಲ್ಲಿ ಕಟ್ಟಬೇಕು ಎಂದು ಸಾವಧಾನವಾಗಿ ಕೇಳುವಾಗ ನಮ್ಮ ಓಡುವ ಬಲೆಗಳ ಕೆಲಸ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಹೆಚ್ಚಿನವು ಪರೀಕ್ಷೆಯ ಬಗ್ಗೆ, ಒಂದೆರಡು ಕೆಲಸ ಸಿಗುತ್ತದಾ ಎಂಬ ಬಗ್ಗೆ. ಕೊನೆಗೆ ಎರಡನೇ ವರ್ಷದ ಒಬ್ಬ ಹುಡುಗಿ ಎದ್ದು ನಿಂತಳು. ‘ಸರ್, ಮಲ್ಪೆಯ ಹತ್ತಿರ ಸೇಂಟ್ ಮೇರಿಸ್ ದ್ವೀಪ ಇದೆ. ಐದು ಕಿಲೋಮೀಟರ್ ಬಲೆಯ ಎರಡು ಗಂಟುಗಳ ನಡುವೆ ಅದು ಪೂರ್ತಿ ಬಿದ್ದುಹೋಗುತ್ತದೆ. ಬಲೆಗೆ ದ್ವೀಪವೇ ಕಾಣದಿದ್ದರೆ ಅಲ್ಲಿ ಶೇಷ ಎಲ್ಲಿಂದ ಬರುತ್ತದೆ? ಎರಡು ಬಲೆ ಹಾಕಿದರೂ ಇಬ್ಬರೂ ಒಂದೇ ಸುಳ್ಳು ಹೇಳಬಹುದಲ್ಲ?’

ಹೇಳಬಹುದು. ಎರಡೂ ಬಲೆ ದ್ವೀಪದ ಆಚೀಚೆ ಬಿದ್ದರೆ ಇಬ್ಬರು ಸಾಕ್ಷಿಗಳೂ ಒಮ್ಮತದಿಂದ ‘ಇಲ್ಲಿ ಬರೀ ನೀರು’ ಎನ್ನುತ್ತಾರೆ, ಅಂತರ ಸೊನ್ನೆ, ತಪ್ಪೂ ಸೊನ್ನೆ ಎಂದು ಯಂತ್ರ ನೆಮ್ಮದಿಯಾಗಿರುತ್ತದೆ. ಗಣಿತದ ಪ್ರಮೇಯಗಳಲ್ಲಿ ಇದಕ್ಕೊಂದು ಷರತ್ತು ಇರುತ್ತದೆ, ಕೊಟ್ಟ ದತ್ತಾಂಶವನ್ನು ಮೊದಲ ಬಲೆ ತಕ್ಕಮಟ್ಟಿಗೆ ಹಿಡಿದಿರಬೇಕು ಎಂದು. ನಾವು ಅದನ್ನು ಓದಿ ತಲೆಯಾಡಿಸಿ ಮುಂದೆ ಹೋಗುತ್ತೇವೆ. ಕೆಲಸ ಮಾಡುವವರು ಏನು ಮಾಡುತ್ತಾರೆಂದರೆ, ಜಿಯೋಕ್ಲಾಕ್ಕೆ ಕೊಡುವ ಕಡತದಲ್ಲಿ ಅಕ್ಷಾಂಶ ರೇಖಾಂಶ ಬರೆದು, ಈ ಚೌಕದೊಳಗೆ ಶೇಷ ಏನೇ ಹೇಳಲಿ, ಕಣ್ಣು ಇಷ್ಟು ಸಣ್ಣದಿರಲೇಬೇಕು ಎಂದು ಸಾಲು ಸೇರಿಸುತ್ತಾರೆ. ಆ ಚೌಕ ಎಲ್ಲಿರಬೇಕು ಎಂಬುದನ್ನು ಕಡಲು ಬಲ್ಲವರನ್ನು ಕೇಳಿ ತಿಳಿಯಬೇಕು. ‘ಹಾಗಾದರೆ ಮಲ್ಪೆಯ ಚೌಕ ನಾನು ಬರೆದುಕೊಡಲಾ ಸರ್?’ ಎಂದಳು. ನನ್ನ ಲ್ಯಾಪ್‌ಟಾಪ್ ಅವಳ ಕಡೆ ತಿರುಗಿಸಿದೆ. ಅವಳು ಮೊದಲು ದ್ವೀಪಗಳಿಗೆ ಒಂದು ಚೌಕ ಬರೆದಳು, ಆಮೇಲೆ ಯೋಚಿಸಿ ಹೊಳೆ ಕಡಲು ಸೇರುವ ಅಳಿವೆಗೆ ಇನ್ನೊಂದು.